ಪ್ಲಗ್ ಒಣಗಿತು, ವಿಮಾನ ಹಾರಿತು

ಗೆಳೆಯರೇ, ಯುದ್ಧ ಮುಗಿಸಿ ಬಂದ ನಮ್ಮಣ್ಣ ತಾನೇ ಕಟ್ಟಿದ ಆಳುದ್ದದ ಆಟದ ವಿಮಾನವನ್ನು ಇವತ್ತು ಮೂಡಲಗಿಯ ಬಯಲಿಗೆ ತಂದಿದ್ದ. ಅದರ ಇಂಜಿನ್ ಮಾತ್ರ ಶುರುವಾಗಲೊಲ್ಲದು. ಮೂತಿಯ ಪಂಖ ತಿರುಗಿಸಿ ತಿರುಗಿಸಿ ಬೆರಳು ಬಾತರೂ ಬಿಡದೆ, ಸಿಟ್ಟಿನಿಂದ ಇನ್ನಷ್ಟು ಪೆಟ್ರೋಲ್ ಹನಿಸಿದ.

"ಸಾಕು ಬಿಡೋ ಅಣ್ಣಾ, ಪೆಟ್ರೋಲ್ ಹೆಚ್ಚಾಗಿ ಪ್ಲಗ್ ತೊಯ್ದೈತಿ, ಕಿಡಿ ಹಾರವಲ್ದು" ಎಂದೆ.

"ನಿನಗೇನ್ ತಿಳೀತೈತಿ, ಸುಮ್ನಿರು."

ಅವನು ನೀರು ಕುಡಿಯಲು ಹೋದಾಗ ಪ್ಲಗ್ ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು ಮತ್ತೆ ಹಾಕಿದೆ. ಪಂಖ ತಿರುಗಿಸಿದ್ದೇ ತಡ, ಇಂಜಿನ್ ಗರ್ಜಿಸಿತು. ಹಿಡಿಯುವಷ್ಟರಲ್ಲಿ ವಿಮಾನ ಓಡಿ ಮೇಲೆದ್ದಿತು. ಅಣ್ಣ ಧೋತರ ಎತ್ತಿಕೊಂಡು ಕೂಗುತ್ತಾ ಹಿಂದೆ ಓಡಿದ.

ಅಣ್ಣನಿಗೆ ಬುತ್ತಿ ತಂದ ಅವನ ಹೆಂಡತಿ, ನಮ್ಮ ವೈನಿ, ನಿಂತು ನೋಡಿದರು. "ಮುಂಜಾನಿಂದ ಶುರು ಆಗವಲ್ದು ಅಂತ ಒದರಿದ್ರಿ, ಈಗ ನಿಲ್ಲವಲ್ದು ಅಂತ ಒದರಾಕತ್ತೀರಿ."

ಪೆಟ್ರೋಲ್ ಮುಗಿದು ವಿಮಾನ ಕಬ್ಬಿನೊಳಗೆ ಬಿತ್ತು. ಒಂದು ರೆಕ್ಕೆ ಮುರಿಯಿತು. ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ. ಪ್ಲಗ್ ಯಾವುದರಿಂದ ಒರೆಸಿದೆ ಎಂದಷ್ಟೇ ವೈನಿಯ ಕೈಲಿ ಕೇಳಿಸಿದ.