ಅಕ್ಕನ ಅಳತೆಯ ಕೋವಿ

ಆಗ ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆಯುಧಪೂಜೆಯ ದಿನ ಹಾಲಿನವನು ಬರುವ ಮೊದಲೇ ಬೀದಿಯ ತುಂಬ ನೀರಿನ ಸದ್ದು. ಗೇಟು ಗೇಟಿನ ಮುಂದೆಯೂ ಒಂದು ಸ್ಕೂಟರು, ಒಂದು ಬಕೆಟ್ಟು, ಹಳೇ ಬನಿಯನ್ನಿನ ಚೂರು. ತೊಳೆದ ನೀರು ನೊರೆ ಹೊತ್ತುಕೊಂಡು ಇಳಿಜಾರಿಗೆ ಹರಿದು ಮೂಲೆಯ ಸೈಟಿನ ಗಿಡಗಂಟಿಗಳ ಬುಡ ಸೇರುತ್ತಿತ್ತು. ಈಗ ವಿಜಯನಗರದ ನಮ್ಮ ಮನೆಯಲ್ಲಿ ಹಿಂದಿನ ದಿನವೇ ಕಾರನ್ನು ವಾಟರ್ ಸರ್ವಿಸ್‌ಗೆ ಬಿಟ್ಟು ಬರುತ್ತಾರೆ. ಹಬ್ಬದ ಬೆಳಿಗ್ಗೆ ಒದ್ದೆ ನೆಲದ ವಾಸನೆಯೇ ಇರುವುದಿಲ್ಲ.

ಆ ವರ್ಷವೂ ಬೆಳಿಗ್ಗೆ ಹಾಗೇ ಶುರುವಾಯಿತು. ಅಡುಗೆಮನೆಯಲ್ಲಿ ಅಮ್ಮ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದಳು. ಹಬ್ಬಕ್ಕೆಂದು ಊರಿನಿಂದ ಬಂದಿದ್ದ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಸೇವಂತಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ದಾರ ತಂದುಕೊಟ್ಟರೆ, “ಇದೆಂಥ ದಾರ, ಎಳುದ್ರೆ ಕಿತ್ತೋಯ್ತದೆ” ಎಂದು ಪಕ್ಕಕ್ಕಿಟ್ಟಳು. ಕಾನ್ವೆಂಟಿನಲ್ಲಿ ಐದನೇ ಕ್ಲಾಸಿನಲ್ಲಿದ್ದ ನಾನು ನನ್ನ ಕಂಪಾಸ್ ಬಾಕ್ಸನ್ನು ಒರೆಸಿಟ್ಟುಕೊಂಡು ಕುಂಕುಮಕ್ಕೆ ಕಾಯುತ್ತಿದ್ದೆ. ನಡುಮನೆಯಲ್ಲಿ ಹಳೇ ಪೇಪರು ಹಾಸಿಕೊಂಡು ಅಪ್ಪ ಕೋವಿಗಳನ್ನು ಒರೆಸುತ್ತಿದ್ದರು.

ಅಪ್ಪನಿಗೆ ಪಂಪ್‌ಸೆಟ್ಟಿನ ಅಂಗಡಿಯಿತ್ತು. ಅದು ಜೀವನಕ್ಕೆ. ಮನಸ್ಸು ಮಾತ್ರ ಕೋವಿಗಳ ಮೇಲೆ. ಒಂದು ಹಳೆಯ ಜೋಡುನಳಿಗೆ, ಗುರಿಯ ಹಾಳೆಗೆ ಹೊಡೆಯುವ ಒಂದು ರೈಫಲ್ಲು. ಮಾರ್ಕೆಟ್ಟಿನ ಹತ್ತಿರದ ಕೋವಿ ಅಂಗಡಿಗೆ ಅವರು ಹೋಗುತ್ತಿದ್ದದ್ದು ಹೆಂಗಸರು ಸೀರೆ ಅಂಗಡಿಗೆ ಹೋಗುವ ಹಾಗೆ. ಕೊಳ್ಳದಿದ್ದರೂ ಎಲ್ಲವನ್ನೂ ಕೆಳಗಿಳಿಸಿ ನೋಡಬೇಕು. ಕೊಂಡದ್ದನ್ನಂತೂ ಕೊಂಡ ಹಾಗೆಯೇ ಇಟ್ಟುಕೊಳ್ಳುವುದು ಅವರಿಂದ ಆಗುತ್ತಿರಲಿಲ್ಲ. ಅಮ್ಮ ರವಿಕೆ ಬಿಚ್ಚಿ ಹೊಲಿಯುವ ಹಾಗೆ ಅವರು ಕೋವಿ ಬಿಚ್ಚಿ ಕೂರುತ್ತಿದ್ದರು. ಮರದ ಹಿಡಿಯನ್ನು ಉಜ್ಜಿ, ಅಗಸೆ ಎಣ್ಣೆ ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕಿ, ಕೊನೆಗೆ ಅದು ಕಾಯಿಸಿದ ಬೆಲ್ಲದ ಬಣ್ಣಕ್ಕೆ ಬರುತ್ತಿತ್ತು. ಹೊಡೆದು ಮುಗಿದ ತೋಟಾಗಳ ಕೆಂಪು ಕೊಳವೆಗಳು ನಮ್ಮ ಅಡುಗೆ ಆಟದ ಲೋಟಗಳು. ಅವುಗಳೊಳಗೆ ಮೂಗಿಟ್ಟರೆ ದೀಪಾವಳಿಯ ಮಾರನೆಯ ಬೆಳಗಿನ ವಾಸನೆ.

ಅಮ್ಮ ಮಾತ್ರ ಕೋವಿ ಮುಟ್ಟಿದವಳಲ್ಲ. ಅವುಗಳಿದ್ದ ಸ್ಟೀಲಿನ ಬೀರುವನ್ನೂ ಒರೆಸುತ್ತಿರಲಿಲ್ಲ. ಚುನಾವಣೆ ಬಂದರೆ ಲೈಸೆನ್ಸಿದ್ದವರೆಲ್ಲ ಕೋವಿಗಳನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕಲ್ಲ, ಆ ದಿನಗಳಲ್ಲಿ ಅವಳ ಮುಖವೇ ಬೇರೆ. “ಎಲೆಕ್ಷನ್ ಬಂದ್ರೇನೇ ನಂಗೆ ನಿದ್ದೆ ಕಣ್ರೀ,” ಎನ್ನುತ್ತಿದ್ದಳು.

ಆ ಮಳೆಗಾಲದಲ್ಲಿ ಮನೆಗೆ ಇನ್ನೊಂದು ಕೋವಿ ಬಂತು. ಅದು ಅಕ್ಕನಿಗಾಗಿ. ಅಕ್ಕ ಸುಮ ಆಗ ಮೊದಲ ಪಿಯುಸಿ. ಭಾನುವಾರ ಅಪ್ಪನ ಸ್ಕೂಟರಿನ ಹಿಂದೆ ಕೂತು ಊರಾಚೆಯ ಕ್ಲಬ್ಬಿಗೆ ಹೋಗಿ, ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗಳನ್ನು ಹೊಡೆಯುತ್ತಿದ್ದಳು. ಮೀಸೆಯ ಅಂಕಲ್‌ಗಳಿಗಿಂತ ಚೆನ್ನಾಗಿ ಹೊಡೆಯುತ್ತಾಳೆ ಎಂದು ಅಪ್ಪನಿಗೆ ಹೆಮ್ಮೆ. ದಸರೆ ಕಳೆದ ಮೇಲೆ ನಡೆಯಲಿದ್ದ ರಾಜ್ಯ ಮಟ್ಟದ ಸ್ಪರ್ಧೆಗೆ ಅವಳ ಹೆಸರು ಹೋಗಿತ್ತು. ಒಬ್ಬ ಮುದುಕರಿಂದ ಅಪ್ಪ ಕೊಂಡು ತಂದ ಆ ಜೋಡುನಳಿಗೆಯ ಹಿಡಿ ಅಕ್ಕನ ತೋಳಿಗೆ ಉದ್ದವಾಯಿತು. ಅವಳ ಮೊಣಕೈ ಮಡಿಸಿ, ಮಡಿಕೆಯೊಳಗೆ ಕೋವಿಯ ಬುಡ ಇಟ್ಟು, ಬೆರಳು ಎಲ್ಲಿಗೆ ತಲುಪುತ್ತದೆಂದು ಪೆನ್ಸಿಲಿನಿಂದ ಗುರುತು ಹಾಕಿ, ಅಪ್ಪ ಮರವನ್ನು ಕುಯ್ದರು. ಅವಳ ಬೆರಳಿಗೆ ಗಟ್ಟಿಯಾಯಿತೆಂದು ಟ್ರಿಗರನ್ನೂ ಹಗುರ ಮಾಡಿದರು. ಇನ್ನೊಂದು ಸಣ್ಣ ಬದಲಾವಣೆಯೂ ಆಯಿತು. ಅಪ್ಪನ ಹಳೆಯ ಕೋವಿಯಲ್ಲಿ ತೋಟಾ ಹಾಕಿ ಮುಚ್ಚಿದರೆ ಬೆನ್ನಿನ ಮೇಲಿನ ಪುಟ್ಟ ಗುಂಡಿ ತಾನಾಗಿ ಹಿಂದೆ ಸರಿದು ಟ್ರಿಗರನ್ನು ಕಟ್ಟಿಹಾಕುತ್ತಿತ್ತು. ಅವಸರದಲ್ಲಿ ಅಕ್ಕ ಆ ಗುಂಡಿಯನ್ನು ಮುಂದಕ್ಕೆ ತಳ್ಳಲು ಮರೆತು ಬಿಲ್ಲೆಗಳನ್ನು ಕಳೆದುಕೊಳ್ಳುತ್ತಿದ್ದಳು. ಆದ್ದರಿಂದ ಅವಳ ಕೋವಿಯಲ್ಲಿ ಅದು ತಾನಾಗಿ ಬೀಳದಂತೆ ಮಾಡಿದರು. ಬೇಕಾದಾಗ ನಾವೇ ನೆನಪಿಟ್ಟು ಎಳೆಯಬೇಕು.

“ಇದೊಂದು ಸ್ಪರ್ಧೆ ಮುಗೀಲಿ,” ಎಂದಿದ್ದಳು ಅಮ್ಮ. “ಆಮೇಲೆ ನನ್ನ ಮಗಳು ಕೋವಿ ಹಿಡಿಯೋದು ಬೇಡ.”

ಅಕ್ಕ ಅದಕ್ಕೆ ಎದುರಾಡಲಿಲ್ಲ. ಹೇಗಾದರೂ ಅಮ್ಮನ ಮನಸ್ಸು ತಿರುಗಿಸಬೇಕೆಂದು ಹೂಡಿದ ಹಂಚಿಕೆ ಅವಳ ಮುಖದಲ್ಲೇ ಕಾಣುತ್ತಿತ್ತು. ಹೇಳಿಸಿಕೊಳ್ಳದೆ ಪಾತ್ರೆ ತೊಳೆಯುವಳು, ಬಟ್ಟೆ ಮಡಿಸುವಳು. ಆ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿಯೇಬಿಟ್ಟಳು.

“ಅಮ್ಮ, ನನ್ನ ಕೋವಿಗೆ ನೀನೇ ಹೂವ ಇಡಮ್ಮ.”

“ನನ್ನ ಕೈ ಹೂರಣ ಆಗಿದೆ.”

“ತೊಳ್ಕೊಂಡ್ ಬಾ. ನೀನಿಟ್ರೇನೇ ನಾನು ಹೋಗೋದು.”

“ಹಂಗಾದ್ರೆ ಹೋಗ್ಬೇಡ, ಒಳ್ಳೇದೇ ಆಯ್ತು,” ಎಂದಳು ಅಮ್ಮ. ಆದರೆ ನಗುತ್ತಿದ್ದಳು. ನಾನು ನೋಡಿದೆ.

ನಡುಮನೆಯ ಮೂಲೆಯಲ್ಲಿ ಕೆಂಪು ಬಟ್ಟೆ ಹಾಸಿದ ಅಗಲವಾದ ಮಣೆ. ಅದರ ಮೇಲೆ ಕೋವಿಗಳು, ಅಮ್ಮನ ಕತ್ತರಿ, ಇಸ್ತ್ರಿಪೆಟ್ಟಿಗೆ, ನನ್ನ ಕಂಪಾಸ್ ಬಾಕ್ಸು. ಕೋವಿಗಳ ಬಾಯಿ ಗೋಡೆಯ ಕಡೆಗೆ. ಅಪ್ಪ ಪ್ರತಿಯೊಂದನ್ನೂ ತೆರೆದು, ಬೆಳಕಿಗೆ ಹಿಡಿದು, ಖಾಲಿ ಇದೆಯೆಂದು ನೋಡಿಯೇ ಇಡುತ್ತಿದ್ದರು. ಅದನ್ನು ಕಂಡು ಅಜ್ಜಿ ಹಾರ ಕಟ್ಟುವುದನ್ನು ನಿಲ್ಲಿಸಿದಳು.

“ಬರಿದು ಕೋವಿಗೆ ಎಂಥ ಪೂಜೆನಪ್ಪ? ನಿಮ್ಮಪ್ಪ ಇದ್ದಾಗ ತುಂಬಿ ಇಕ್ತಿದ್ರು.”

“ಅವ್ವ, ಅದು ಹೊಲದ ಮನೆ. ಹಂದಿ ಕಾಯೋ ಕೋವಿ. ಇಲ್ಲಿ ಮಕ್ಕಳಿದ್ದಾರೆ.”

“ಬರಿ ಕೊಳಗನ ಪೂಜೆಗಿಕ್ತೀವಾ? ಒಂದ್ ಹಿಡಿ ಕಾಳಾರ ಆಕಲ್ವಾ? ಮಗಿ ಮೊದಲ್ನೇ ಸಲ ಅಷ್ಟ್ ದೂರ ಹೊರಟದೆ. ಬರಿದು ಮಾಡಿ ಕಳಿಸ್ತೀಯಾ?”

ಅಪ್ಪ ಅಕ್ಕನ ಮುಖ ನೋಡಿದರು. ಅಕ್ಕ ಏನೂ ಹೇಳಲಿಲ್ಲ. ಅವಳು ಏನಾದರೂ ಹೇಳಿದ್ದರೆ ಅಪ್ಪ ಅಜ್ಜಿಯ ಮಾತು ತಳ್ಳಿಹಾಕುತ್ತಿದ್ದರೋ ಏನೋ.

“ಆಯ್ತು ಕಣವ್ವ. ಸುಮನ ಕೋವಿಗೆ ಒಂದೇ ಒಂದು. ಮಂಗಳಾರತಿ ಆಗೋತನಕ, ಅಷ್ಟೇ.”

ಅಪ್ಪ ತೋಟಾ ಹಾಕಿ ಕೋವಿ ಮುಚ್ಚಿದರು. ಹಳೆಯ ಕೋವಿ ಮುಚ್ಚಿದರೆ ಎರಡು ಸದ್ದು ಬರುತ್ತಿತ್ತು. ಮೊದಲು ದಪ್ಪನೆಯದು, ಬೆನ್ನಿಗೇ ಗುಂಡಿ ಸರಿಯುವ ಸಣ್ಣದು. ಇದರಲ್ಲಿ ಬಂದದ್ದು ಒಂದೇ. ಎಷ್ಟೋ ವರ್ಷ ಹಳೆಯದನ್ನೇ ಮುಚ್ಚಿ ಮುಚ್ಚಿ ಪಳಗಿದ ಕೈ ಅದು. ಗುಂಡಿ ಎಳೆಯಬೇಕೆಂಬುದು ಆ ಕೈಗೆ ಹೊಳೆಯಲಿಲ್ಲ. ಕೋವಿಯನ್ನು ಮಣೆಯ ಮೇಲೆ ಮೆಲ್ಲಗೆ ಮಲಗಿಸಿ, ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಅಪ್ಪ ಹೊರಗೆ ಹೋದರು.

ಅವರು ಹೊರಗಿದ್ದಾಗಲೇ, ತೋಟಾದ ಮಾತು ಕೇಳಿಸಿಕೊಂಡಿರದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅಕ್ಕ ಉಸಿರು ಬಿಗಿಹಿಡಿದು ನಿಂತಳು. ಅಮ್ಮ ಕುಂಕುಮ ಇಟ್ಟಳು. ಹಾರವನ್ನು ಮರದ ಮೇಲಿಟ್ಟರೆ ಎಣ್ಣೆಯ ನುಣುಪಿಗೆ ಜಾರಿ ಬಿತ್ತು. ಮತ್ತೆ ಇಟ್ಟಳು, ಮತ್ತೆ ಜಾರಿತು. “ನಿನ್ನಂಗೇ ಇದೆ, ಹೇಳಿದ ಮಾತು ಕೇಳಲ್ಲ” ಎಂದು ಅಕ್ಕನಿಗೆ ಹೇಳುತ್ತ, ಹಾರದ ಒಂದು ತುದಿಯನ್ನು ಕೋವಿಯ ಹೊಟ್ಟೆಯ ಕೆಳಗಿನ ಕಬ್ಬಿಣದ ಬಳೆಯೊಳಗೆ, ಟ್ರಿಗರಿನ ಮುಂದಿನಿಂದ ತೂರಿಸಿ, ಹಿಂದಕ್ಕೆ ತಂದು, ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿಸಿದಳು. ಈಗ ಹಾರ ಅಲುಗಲಿಲ್ಲ. ಹಳದಿ ಹೂಗಳ ನಡುವೆ ಕಬ್ಬಿಣವೇ ಕಾಣದಾಯಿತು.

“ಎಷ್ಟ್ ಚೆನ್ನಾಗಿದೆ ಅಲ್ವಾಮ್ಮ?” ಎಂದಳು ಅಕ್ಕ.

“ಹೂವ ಚೆನ್ನಾಗಿದೆ,” ಎಂದಳು ಅಮ್ಮ. ಅಡುಗೆಮನೆಯ ಕಡೆ ತಿರುಗುತ್ತ, “ನೋಡೋಣ. ಗೆದ್ಕೊಂಡ್ ಬಾ, ಆಮೇಲೆ ಮಾತಾಡೋಣ.”

ಅಕ್ಕ ಅಂದು ಪಟ್ಟ ಸಂತೋಷವನ್ನು ಆಮೇಲೆ ಅವಳ ಮದುವೆಯಲ್ಲೂ ನಾನು ಕಂಡಿಲ್ಲ.

ಮಂಗಳಾರತಿಯಾಯಿತು. ಗಂಟೆಯ ಸದ್ದಿನ ನಡುವೆ ಹಿಂದಿನ ಬೀದಿಯಲ್ಲಿ ಯಾರೋ ಸರಪಟಾಕಿ ಹಚ್ಚಿದರು. ನಾನು ಬೆಚ್ಚಿದ್ದಕ್ಕೆ ಅಜ್ಜಿ ನಕ್ಕಳು. ಕರ್ಪೂರ ಆರುತ್ತ ಬಂದಾಗ ಅಪ್ಪ ತಟ್ಟೆ ಕೆಳಗಿಟ್ಟು, “ಸರಿಯಿರಿ, ಮೊದಲು ಆ ತೋಟಾ ತೆಗೀತೀನಿ” ಎಂದರು.

“ನಾನೇ ತೆಗೀತೀನಿ ಅಪ್ಪ, ನಂದಲ್ವಾ,” ಎಂದು ಅಕ್ಕ ಅವರಿಗಿಂತ ಮೊದಲೇ ಬಗ್ಗಿದಳು. ಬಾಯಿ ಗೋಡೆಯ ಕಡೆಗೇ ಇರಲೆಂದು, ಅಪ್ಪ ಕಲಿಸಿದ ಹಾಗೆಯೇ, ನಳಿಗೆಯ ಕೆಳಗೆ ಕೈಯಿಟ್ಟು ಕೋವಿಯನ್ನು ಮುಂದಕ್ಕೆ ಎತ್ತಿದಳು. ಹಾರ ಟ್ರಿಗರಿನ ಮೇಲೆ ಬಿಗಿಯಿತು. ಬಾಳೆನಾರು ಕಿತ್ತುಹೋಗಲಿಲ್ಲ.

ಮನೆಯೊಳಗೆ ಕೋವಿ ಹಾರಿದರೆ ಅದು ಸದ್ದೇ ಅಲ್ಲ. ಎದೆಗೆ ಯಾರೋ ಗುದ್ದಿದ ಹಾಗೆ. ಗೋಡೆಯಿಂದ ಸುಣ್ಣ, ಗಾರೆ ಉದುರಿ ಕಡ್ಲೆಪುರಿಯ ತಟ್ಟೆಯ ಮೇಲೆ ಬಿತ್ತು. ನಮ್ಮ ಆಟದ ಲೋಟಗಳ ಅದೇ ವಾಸನೆ ಮನೆ ತುಂಬಿತು. ಅಮ್ಮ ಅಕ್ಕನ ಮೈಯನ್ನೆಲ್ಲ ತಡವುತ್ತಿದ್ದಳು. ರಕ್ತ ಎಲ್ಲೂ ಇರಲಿಲ್ಲ. ಅಕ್ಕ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ, ದೂರದಲ್ಲಿರುವವರನ್ನು ಕೂಗುವ ಹಾಗೆ ಕೇಳಿದಳು:

“ಯಾಕೆ ಎಲ್ರೂ ಬರೀ ಬಾಯಿ ಆಡಿಸ್ತಿದ್ದೀರಾ?”

ಬೀದಿಯಿಂದ ಯಾರೂ ಬರಲಿಲ್ಲ. ಹಬ್ಬದ ದಿನದ ಸದ್ದು. ಅಪ್ಪ ಅವಳ ಕೈಯಿಂದ ಕೋವಿ ತೆಗೆದುಕೊಂಡು, ತೆರೆದು, ಹೊಗೆಯಾಡುವ ಕೊಳವೆಯನ್ನು ಹೊರತೆಗೆದರು. ಬೆನ್ನಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಹಾಗೇ ನಿಂತರು. ಆಮೇಲೆ ಬಳೆಯೊಳಗಿನ ನಾರು ಕಣ್ಣಿಗೆ ಬಿತ್ತು. ಅವರು ಅಮ್ಮನ ಕಡೆ ನೋಡಿದರು. ಅಮ್ಮ ಹೂವಿನ ಕಡೆ ನೋಡಿದಳು. ಅಜ್ಜಿ ಮೂಲೆಯಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅಪ್ಪ ಅಕ್ಕನನ್ನು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರ ಸ್ಟೆಥಾಸ್ಕೋಪಿಗೂ ಅಂದು ಕುಂಕುಮ ಇಟ್ಟಿತ್ತಂತೆ. ಅಕ್ಕನಿಗೆ ನೆನಪಿರುವುದು ಅದೊಂದೇ. ಬಲಗಿವಿ ಸಂಜೆಯೊಳಗೆ ತೆರೆದುಕೊಳ್ಳುತ್ತದೆ, ಎಡಗಿವಿಯ ವಿಷಯ ಈಗಲೇ ಹೇಳಲಾಗದು ಎಂದರಂತೆ ಡಾಕ್ಟರು. ಎಡಗಿವಿಯ ಮಾತನ್ನು ಅಪ್ಪ ಮನೆಗೆ ತರಲಿಲ್ಲ. “ಸರಿಹೋಗುತ್ತೆ ಅಂದ್ರು” ಎಂದಷ್ಟೇ ಅಮ್ಮನಿಗೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ, ಎದುರಿಗೆ ನಿಂತು ಮಾತಾಡಿದರೆ ಉತ್ತರ ಕೊಡತೊಡಗಿದಳು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಒಬ್ಬಟ್ಟು ಬೇಯಿಸಲು ಕೂತಳು.

ಮುಂದೆ ನಡೆದದ್ದನ್ನು ಹೇಳಿಬಿಡುತ್ತೇನೆ. ಅಕ್ಕ ಸ್ಪರ್ಧೆಗೆ ಹೋಗಲಿಲ್ಲ. ಕೋವಿಗಳು ಒಂದೊಂದಾಗಿ ಕೋವಿ ಅಂಗಡಿ ಸೇರಿದವು. ಅಕ್ಕನ ಅಳತೆಗೆ ಕುಯ್ದದ್ದನ್ನು ಮಾತ್ರ ಬಹುಕಾಲ ಯಾರೂ ಕೊಳ್ಳಲಿಲ್ಲ, ಯಾವ ಗಂಡಸಿನ ತೋಳಿಗೂ ಅದು ಗಿಡ್ಡ. ಅಕ್ಕ ಈಗ ಪಾಠ ಹೇಳುವ ಮೇಡಮ್ಮು, ಚೆನ್ನಾಗಿದ್ದಾಳೆ. ಬೀದಿಯಲ್ಲಿ ನಡೆಯುವಾಗ ನಾನು ನನಗೆ ಗೊತ್ತಿಲ್ಲದೆಯೇ ಅವಳ ಬಲಗಡೆಗೆ ಸರಿಯುತ್ತೇನೆ. ಅಪ್ಪ ಮತ್ತು ಅಕ್ಕ ಜಗಳವಾಡಲಿಲ್ಲ. ಮನೆಗೆ ಬಂದ ನೆಂಟರಂತೆ ಒಬ್ಬರನ್ನೊಬ್ಬರು ಕೂತ್ಕೊ, ಕಾಫಿ ಕುಡಿ ಎನ್ನುವಷ್ಟು ಮಾತಾಡಿದರು. ಮೊಣಕೈ ಮಡಿಸಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ನಗುನಗುತ್ತ ಅಳತೆ ತೆಗೆದ ಆ ಮಧ್ಯಾಹ್ನಗಳು ಮತ್ತೆ ಬರಲಿಲ್ಲ. ಅಮ್ಮ ಹೊಲಿಗೆ ಯಂತ್ರಕ್ಕೆ ಕೂಡ ಆಮೇಲೆ ಹೂವಿಡಲಿಲ್ಲ, ಕುಂಕುಮ ಮಾತ್ರ. ಕಿವಿಯೊಂದರ ಲೆಕ್ಕವಾದರೆ ಡಾಕ್ಟರು ಹೇಳುತ್ತಾರೆ. ಉಳಿದದ್ದನ್ನು ಯಾರು ಅಳೆದು ಹೇಳಬೇಕು?

ಆದರೆ ಆ ಸಂಜೆ ನಮಗೆ ಇದೊಂದೂ ಗೊತ್ತಿರಲಿಲ್ಲ. ಗಂಡಾಂತರ ಕಳೆಯಿತೆಂದೇ ಅಂದುಕೊಂಡಿದ್ದೆವು. ಸುಣ್ಣ ಬಿದ್ದದ್ದನ್ನು ಚೆಲ್ಲಿ, ಬೇರೆ ಕಡ್ಲೆಪುರಿ ತಂದಾಗಿತ್ತು. ಅಕ್ಕ ಜಗಲಿಯ ಮೇಲೆ ಕೂತು ಕಡ್ಲೆಪುರಿಯೊಳಗಿನ ಕಡಲೆಬೀಜ ಆರಿಸಿ ತಿನ್ನುತ್ತಿದ್ದಳು. ಗೇಟು ಅವಳ ಎಡಕ್ಕಿತ್ತು. ಅಮ್ಮ ಅವಳ ಹಿಂದೆ ಕೂತು ಜಡೆ ಹೆಣೆಯುತ್ತಿದ್ದಳು, ಬೆಳಗಿನಿಂದ ಮೊದಲ ಸಲ ಅವಳ ಮುಖ ಸಡಿಲವಾಗಿತ್ತು. ಪಕ್ಕದ ಮನೆಯ ಸರೋಜಮ್ಮ ತಮ್ಮ ಮನೆಯ ಪ್ರಸಾದದ ತಟ್ಟೆ ಹಿಡಿದು ಗೇಟಿಗೆ ಬಂದರು.

“ಸುಮಾ, ತಟ್ಟೆ ತಗೊಳಮ್ಮ,” ಎಂದರು. ಅಕ್ಕ ಕಡಲೆಬೀಜ ಆರಿಸುತ್ತಲೇ ಇದ್ದಳು. “ಸುಮಾ,” ಎಂದರು ಮತ್ತೆ, ಇನ್ನಷ್ಟು ಜೋರಾಗಿ. ಜಡೆಯ ನಡುವೆ ಅಮ್ಮನ ಕೈ ನಿಂತಿತು.

ಸರೋಜಮ್ಮ ತಾವೇ ಗೇಟು ತೆಗೆದುಕೊಂಡು ನಗುತ್ತ ಒಳಗೆ ಬಂದರು.

“ಏನ್ ಜಂಬ ಕಣ್ರೀ ನಿಮ್ಮ ಮಗಳಿಗೆ. ಆಗ್ಲಿಂದ ಕರೀತಿದೀನಿ, ತಿರುಗಿ ಕೂಡ ನೋಡಲ್ವಲ್ಲ.”