ಅವರ ಎಡಗೈ, ನನ್ನ ಬಲಗೈ

ನಮ್ಮ ಯಜಮಾನರು ಕಟಿಂಗ್ ಮಾಸ್ಟರ್. ಪುಣೆಯ ಪೇಟೆಯೊಳಗೆ ಹಳೇ ವಾಡೆಯೊಂದರ ಕೆಳಗೆ ಅವರ ಅಂಗಡಿ, ಮೇಲಿನ ಎರಡು ಖೋಲಿಯಲ್ಲಿ ನಮ್ಮ ಸಂಸಾರ. ಹೊಲಿಯುವುದಕ್ಕೆ ಇಬ್ಬರು ಇದ್ದಾರೆ, ಆಗಲೂ ಇದ್ದರು. ಆದರೆ ಕತ್ತರಿ ಮಾತ್ರ ಇವರದು. ತಪ್ಪಿ ಹೊಲಿದರೆ ಬಿಚ್ಚಬಹುದು, ತಪ್ಪಿ ಕತ್ತರಿಸಿದ ಅರಿವೆಯನ್ನು ಯಾರೂ ಕೂಡಿಸಲಾರರು ಅಂತ ಇವರು ಆ ಕತ್ತರಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಗಿರಾಕಿಗಳು ಬರುವುದೂ ಆ ಕೈ ನೋಡಿಯೇ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸ್ಕೂಟರ್ ಜಾರಿ ಇವರು ಬಲಗೈ ಊರಿ ಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿಸಿದ್ದಾಯಿತು, ಗಣಪತಿ ಕಳಿಸಿದ ಮೇಲೆ ಬಿಚ್ಚಿಸಿದ್ದೂ ಆಯಿತು. ಎಲುಬೇನೋ ಕೂಡಿತ್ತು. ಆದರೆ ಹೆಬ್ಬೆರಳು, ತೋರುಬೆರಳು ಎರಡೂ ಕಟ್ಟಿಗೆಯ ಹಾಗೆ ಸೆಟೆದು ನಿಂತಿದ್ದವು. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ಹೇಗೋ ತೂರಿಸಿದರೂ ಬಾಯಿ ತೆರೆಯುತ್ತಿರಲಿಲ್ಲ.

ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಡುವ ಮರಾಠಿ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, "ಕಾಕಾ, ದಿನಾ ಇದನ್ನು ಹಿಚುಕಬೇಕು. ಈಗ ಬೆರಳು ಆಡಿಸದಿದ್ದರೆ ಮುಂದೆ ಆಡುವುದೇ ಇಲ್ಲ" ಅಂತ ತಾಕೀತು ಮಾಡಿ ಕಳಿಸಿದಳು. ಇವರು ಮನೆಗೆ ಬಂದು ನಾಲ್ಕು ಸಲ ಹಿಚುಕಿ, ನೋವಿಗೆ ಹಲ್ಲು ಕಚ್ಚಿ, ಚೆಂಡನ್ನು ಗೂಡಿನೊಳಗೆ ಇಟ್ಟರು.

"ನಾ ಏನ್ ಕೂಸೇನ, ಚೆಂಡ ಆಡ್ಕೋತ ಕೂಡಾಕ?"

ಆಮೇಲೆ ಕಿಟಕಿಯ ಹತ್ತಿರ ಕೂಡುವುದೇ ಅವರ ಕೆಲಸವಾಯಿತು. ಕೆಳಗೆ ಬಟ್ಟೆಯ ಗಂಟುಗಳು ಬೆಳೆಯುತ್ತಿದ್ದವು. ಹೊಲಿಯುವವರು ಜಿಪ್ಪು ಬದಲಿಸುವುದು, ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು ಮಾಡಿಕೊಂಡು ದಿನ ತಳ್ಳುತ್ತಿದ್ದರು. ಒಂದು ದಿನ ಹಳೇ ಗಿರಾಕಿಯೊಬ್ಬರು ಬಂದು, ಭಾಳ ಸಂಕೋಚದಿಂದಲೇ, ತಮ್ಮ ಸೂಟಿನ ಬಟ್ಟೆ ವಾಪಸ್ ಒಯ್ದರು. ಇವರು ಮೇಲಿನಿಂದ ನೋಡಿದರು. "ಒಯ್ಯಲಿ ಬಿಡು" ಅಂದರು. ಆ ಮಧ್ಯಾಹ್ನ ತಾಟಿನ ಮುಂದೆ ಕೂತು, ಎಡಗೈಯಲ್ಲಿ ಚಮಚೆ ಹಿಡಿದು, ಹಾಗೇ ಎದ್ದರು.

ನನ್ನ ತಂಗಿಯ ಗಂಡ ತಳೇಗಾಂವದ ಕಾರಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಷಡ್ಡಕನ ಕೈ ಮುರಿದದ್ದು ನೋಡಲಿಕ್ಕೆ ಒಂದು ರವಿವಾರ ಬಂದ. ರೋಗಿ ನೋಡಲು ಬರುವವರು ಮೋಸಂಬಿ ತರುತ್ತಾರೆ. ಇವನು ಒಂದು ರಟ್ಟಿನ ಪೆಟ್ಟಿಗೆ ತಂದ.

"ಏನ್ ತಂದಿಯೋ?" ಅಂದೆ.

"ಗೇಮಿನ ಮಶೀನ್ ಅಕ್ಕಾರ. ಟಿವಿಗೆ ಹಚ್ಚಿ ಆಡೋದು. ನಿಮ್ಮ ತಂಗಿ ಮನ್ಯಾಗ ಇಡಗೊಡವಲ್ಲಳು. ಟಿವಿ ಒಳಗಿನವರ ಕೂಡ ಇಷ್ಟು ಮಾತಾಡ್ತಿ, ನನ್ನ ಕೂಡ ಒಂದು ಮಾತಿಲ್ಲ ಅಂತಾಳ. ಅಣ್ಣಾರ ಕೈ ನೆಟ್ಟಗ ಆಗೂತನ ಇಲ್ಲಿರಲಿ."

"ಅಂದ್ರ ನನ್ನ ಮನೀ ನಿನ್ನ ಅಡಗತಾಣ ಅನ್ನು" ಅಂತ ಇವರು ಅಂದರು. ಎಷ್ಟೋ ದಿನಕ್ಕೆ ಅವರ ಬಾಯಿಂದ ಬಂದ ಮೊದಲ ಚೇಷ್ಟೆ ಅದು. ನನಗೆ ಆಗಲೇ ಆ ಪೆಟ್ಟಿಗೆಯ ಮೇಲೆ ಅರ್ಧ ಪ್ರೀತಿ ಹುಟ್ಟಿತು.

ಅದರೊಳಗೆ ಇದ್ದದ್ದು ಒಂದೇ ಆಟ. ಯುದ್ಧದ ಕಥೆ. ಸಮುದ್ರದ ದಂಡೆಯ ಊರೊಂದು ಬಾಂಬು ಬಿದ್ದು ಹಾಳಾಗಿದೆ. ಒಬ್ಬ ಸಿಪಾಯಿ ಆ ಊರಲ್ಲಿ ತನ್ನ ತಂಗಿಯನ್ನು ಹುಡುಕುತ್ತಾನೆ. ಮಾತು ಪೂರ್ತಿ ಇಂಗ್ಲಿಷು. ಕಾಲೇಜಿಗೆ ಹೋಗುತ್ತಿದ್ದ ನಮ್ಮ ಮಗಳು ಅದನ್ನು ಕನ್ನಡ ಮಾಡಿ ಹೇಳುತ್ತಿದ್ದಳು. ಹೇಳದಿದ್ದರೆ ಅತ್ತೆ ಬಿಡುತ್ತಿರಲಿಲ್ಲ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತ, ಕನ್ನಡಕದ ಮೇಲಿನಿಂದ ಟಿವಿ ನೋಡುತ್ತಿದ್ದರು.

"ಎರಡು ಕೈ, ಒಂದು ಬಂದೂಕು, ಇಷ್ಟ ಕಾಣತದ. ಮಾರಿ ಎಲ್ಲದ ಅವಂದು?"

"ಮಾರಿ ಕಾಣೂದಿಲ್ಲ ಅಜ್ಜಿ. ಅಂವ ಅಂದ್ರ ಅಪ್ಪಾನ. ಅಪ್ಪಗ ಕಾಣೂದ ಅವಗ ಕಾಣತದ."

"ನಿಮ್ಮಪ್ಪಗ ಈಗ ಏನು ಕಾಣಾಕತ್ತದ?"

ಕಾಣುತ್ತಿದ್ದದ್ದು ಬರೀ ಆಕಾಶ. ಆಟ ಆಡಿಸುವ ರಿಮೋಟಿನ ಮೇಲೆ ಅಣಬೆಯ ಹಾಗೆ ಎದ್ದು ನಿಂತ ಎರಡು ಗುಬ್ಬಿ; ಎಡಗಡೆಯದರಿಂದ ನಡೆಯಬೇಕು, ಬಲಗಡೆಯದನ್ನು ಹೆಬ್ಬೆರಳಿಂದ ತಿರುಗಿಸಿ ನೋಡಬೇಕು, ಬಲ ತೋರುಬೆರಳಿಂದ ಗುಂಡು ಹಾರಿಸಬೇಕು. ಇವರಿಗೆ ಎಡಗೈ ಮಾತ್ರ ಇತ್ತು. ಹೀಗಾಗಿ ನಮ್ಮ ಸಿಪಾಯಿ ಮೋಡ ನೋಡುತ್ತ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದ.

"ಹಿಂಗ ಮ್ಯಾಲ ನೋಡ್ಕೋತ ಹೊಂಟ್ರ ಬೀಳದ ಏನ್ ಮಾಡ್ತಾನ? ಸ್ಕೂಟರ್ ಮ್ಯಾಲ ನೀನೂ ಹಂಗ ಹೊಂಟಿದ್ದೇನು?" ಅಂದರು ಅತ್ತೆ.

ಇವರು ಸಿಟ್ಟಿಗೆದ್ದು ನನ್ನನ್ನು ಕರೆದರು. "ಬಾ ಇಲ್ಲಿ. ನಡಿಯೋದು ನಂದು. ನೋಡೋದು ನಿಂದು."

ನಮ್ಮ ಕಡೆ ಅತ್ತೆಯ ಎದುರಿಗೆ ಗಂಡನ ಪಕ್ಕದಲ್ಲಿ ಕೂಡುವ ರೂಢಿ ಇಲ್ಲ. ನನ್ನ ಮದುವೆಯಾಗಿ, ಮಗಳು ಕಾಲೇಜಿಗೆ ಹೋಗುವಷ್ಟಾದರೂ ನಾನು ಅವರ ಮುಂದೆ ಇವರ ಬಾಜೂ ಕೂತವಳಲ್ಲ. ಈಗ ಒಂದೇ ರಿಮೋಟು ಇಬ್ಬರು ಹಿಡಿಯಬೇಕೆಂದರೆ ಭುಜಕ್ಕೆ ಭುಜ ತಾಗಬೇಕು. ನಾನು ಸೆರಗು ಹೊದ್ದುಕೊಂಡು ನಿಂತೇ ಇದ್ದೆ. ಅತ್ತೆ ಮೊರ ಎತ್ತಿಕೊಂಡು ಸ್ವಲ್ಪ ಆ ಕಡೆ ತಿರುಗಿ ಕೂತರು.

"ಕೂಡ್ರವಾ. ನಾ ಜ್ವಾಳ ನೋಡಾಕತ್ತೀನಿ. ನೀವು ಅದನ್ನ ನೋಡ್ರಿ."

ಹಾಗೆ ಶುರುವಾಯಿತು. ಊಟವಾದ ಮೇಲೆ, ಅಂಗಡಿ ಬಾಗಿಲು ಅರ್ಧ ಎಳೆದಿರುವ ಹೊತ್ತಿನಲ್ಲಿ, ಗುರುವಾರ ಒಂದು ಬಿಟ್ಟು. ಗುರುವಾರ ಕರೆಂಟೇ ಇರುತ್ತಿರಲಿಲ್ಲ.

ಕಥೆಯಲ್ಲಿ ಸಿಪಾಯಿಯ ಜೊತೆಗೆ ವಯಸ್ಸಾದ ಇನ್ನೊಬ್ಬ ಸಿಪಾಯಿ ಇದ್ದ. ಒಂದು ಕಾಲು ಕುಂಟು, ಬೆನ್ನ ಮೇಲೆ ರೇಡಿಯೋ. ದಾರಿ ತಪ್ಪಿದಾಗಲೆಲ್ಲ ಕೈ ಬೀಸಿ ಕರೆಯುತ್ತಿದ್ದ. ನಾವು ಗೋಡೆಗೆ ಹಾಯ್ದರೂ ಬೇಸರಿಸದೆ ನಿಂತು ಕಾಯುತ್ತಿದ್ದ. ಅತ್ತೆ ಅವನಿಗೆ ಕುಂಟ ಕಾಕಾ ಅಂತ ಹೆಸರಿಟ್ಟರು. ಅವನ ಮೇಲೆ ಅವರಿಗೆ ಎಲ್ಲಿಲ್ಲದ ಅಂತಃಕರಣ.

ಊರ ನಡುವಿನ ಹಿಟ್ಟಿನ ಗಿರಣಿಯಲ್ಲಿ ವೈರಿಗಳು ನಮ್ಮನ್ನು ಮುತ್ತಿದರು. ಕುಂಟ ಕಾಕಾ ಬಾಗಿಲಿಗೆ ಬೆನ್ನು ಕೊಟ್ಟು, ನೀನು ಓಡು ಅಂದ. ನಾವು ಎಡವುತ್ತ ಮುಗ್ಗರಿಸುತ್ತ ಹೊರಗೆ ಬರುವಷ್ಟರಲ್ಲಿ ಗೋಡೆ ಕುಸಿದು ಅವನ ಮೇಲೆ ಬಿತ್ತು.

ಅತ್ತೆಯ ಮೊರ ನಿಂತಿತ್ತು.

"ತಡಾ ಮಾಡಿದ್ರಿ ನೀವು" ಅಂದರು ಅತ್ತೆ. "ಮತ್ತ ಆಡ್ರಿ. ಸಂಗಾತಿನ್ನ ಬಿಟ್ಟು ಮುಂದ ಹೋಗೂದಂದ್ರ ಏನು?"

ಅತ್ತೆ ಪಂಢರಪುರದ ವಾರಿಗೆ, ಆ ಕಾಲ್ನಡಿಗೆಯ ಯಾತ್ರೆಗೆ, ಪಾಲಖಿಯ ಹಿಂದೆ ನಡೆದವರು. ದಿವೆ ಘಾಟು ಹತ್ತಿ ಸಾಸವಡಕ್ಕೆ ಮುಟ್ಟುವ ದಿನ ಯಾರದಾದರೂ ಕಾಲು ಸೋತರೆ ಅವರ ದಿಂಡಿಯ, ಅಂದರೆ ಭಜನೆ ಮಾಡುತ್ತ ಕೂಡಿ ನಡೆಯುವ ಗುಂಪಿನ, ಹೆಂಗಸರು ಹಿಂದೆ ಉಳಿದು, ಕೈ ಹಿಡಿದು ಕರೆತರುತ್ತಿದ್ದರಂತೆ. ಒಬ್ಬರನ್ನು ಬಿಟ್ಟು ಬಂದರೆ ನಡೆದದ್ದೆಲ್ಲ ವ್ಯರ್ಥ ಎನ್ನುವುದು ಅವರ ಲೆಕ್ಕ. ಅದು ನಮಗೂ ಒಪ್ಪಿತವೇ ಆಗಿತ್ತು. ಗೋಡೆ ಕುಸಿಯಲು ಶುರುವಾದ ಕೂಡಲೇ ಮಗಳು ಗುಂಡಿ ಒತ್ತಿ ಮತ್ತೆ ಗಿರಣಿಯ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದಳು. ನಾವು ಮತ್ತೆ ಓಡುತ್ತಿದ್ದೆವು. ಕಿಟಕಿಯಿಂದ ನೋಡಿದೆವು, ಮಾಳಿಗೆ ಹತ್ತಿದೆವು, ವೈರಿಗಳನ್ನೆಲ್ಲ ಮೊದಲೇ ಮುಗಿಸಿ ಬಂದರೆ ಉಳಿದಾನೇನೋ ಎಂದುಕೊಂಡೆವು. ದಿನಾ ಗೋಡೆ ಬೀಳುತ್ತಿತ್ತು.

ತಪ್ಪು ಯಾರದು ಅಂದರೆ ನನ್ನದೇ. ಕಣ್ಣು ನಾನಲ್ಲವೇ?

"ಬಲಕ್ಕ ನೋಡು! ಬಲಕ್ಕ! ಏ, ಅದು ಎಡಾ!"

"ರೊಟ್ಟಿ ಬಡಿಯೋ ಕೈರೀ ಇದು. ಬೆರಳ ತುದೀಲೆ ತಿರುವು ಅಂದ್ರ ಹೆಂಗ?"

"ಬಾಗಿಲದಾಗ ಬಂದಾನ, ಹೊಡಿ! ಕುಂಟ ಕಾಕಾಗ ಯಾಕ ಹೊಡಿತೀ?"

"ನೀವು ನೆಟ್ಟಗ ನಿಂದರ್ರಿ ಮೊದಲ. ನಿಂತಲ್ಲೆ ನಿಂದ್ರೂದಿಲ್ಲ, ನನಗ ಬೈತೀರಿ."

ಒಂದು ಮಧ್ಯಾಹ್ನ ಇವರಿಗೆ ತಡೆಯಲಾಗಲಿಲ್ಲ. "ಬಿಡು, ಬಿಡು, ನಾನ ನೋಡ್ತೀನಿ" ಅಂತ ನನ್ನ ಕೈ ತಳ್ಳಿ, ಆ ಸೆಟೆದ ಹೆಬ್ಬೆರಳನ್ನು ಗುಬ್ಬಿಯ ಮೇಲೆ ಇಟ್ಟರು. ಬೆರಳು ಬಾಗಲಿಲ್ಲ, ಕೈಯನ್ನೇ ಹೊರಳಿಸಿ ಬೆರಳ ಅಂಚಿನಿಂದ ದೂಡಿದರು. ಹಣೆಯ ಮೇಲೆ ಬೆವರು. ಸಿಪಾಯಿ ಸಾವಕಾಶ ತಲೆ ತಿರುಗಿಸಿ ಕುಂಟ ಕಾಕಾನ ಕಡೆ ನೋಡಿದ.

ನಾನು ಮಗಳ ಕಡೆ ನೋಡಿದೆ, ಅವಳು ನನ್ನ ಕಡೆ ನೋಡಿದಳು. ಅತ್ತೆ ಜೋಳದಲ್ಲಿ ಇಲ್ಲದ ಕಲ್ಲು ಹುಡುಕುತ್ತಿದ್ದರು.

ಅವತ್ತಿನಿಂದ ನೋಡುವುದು ಅವರದಾಯಿತು, ಗುಂಡು ಹಾರಿಸುವುದು ಮಾತ್ರ ನನ್ನದು. ಆಟ ಮುಗಿದ ಮೇಲೆ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂಡುತ್ತಿದ್ದರು. ನೋವು ಅಂತ ಒಂದು ಸಲವೂ ಅನ್ನಲಿಲ್ಲ. ಒಂದು ದಿನ ಊಟಕ್ಕೆ ಕೂತವರು ಮಾತಾಡುತ್ತ ಬಲಗೈಯಿಂದ ಚಟ್ನಿ ತೆಗೆದುಕೊಂಡರು. ಬೆರಳ ನಡುವಿನಿಂದ ಅರ್ಧ ಚೆಲ್ಲಿತು. ಚೆಲ್ಲಿದ್ದನ್ನು ಒರೆಸುವಾಗ ನನ್ನ ಕಣ್ಣು ತುಂಬಿದ್ದು ಅವರಿಗೆ ಕಾಣಲಿಲ್ಲ.

ನವರಾತ್ರಿಯಲ್ಲಿ ತಂಗಿಯ ಗಂಡ ಮತ್ತೆ ಬಂದ. ಚಹಾ ಕುಡಿಯುತ್ತ ಟಿವಿ ನೋಡಿ ಬೆರಗಾದ.

"ಇನ್ನೂ ಗಿರಣಿಯೊಳಗ ಇದ್ದೀರೇನ್ರಿ? ಹೊರಗ ಹೋಗೂದು ಗೊತ್ತಾಗವಲ್ದೇನು?"

"ಹೊರಗ ದಿನಾ ಹೋಗ್ತೀವಿ. ಈ ಮುದುಕನ್ನ ಉಳಿಸೋದು ಆಗವಲ್ದು" ಅಂದರು ಇವರು.

ಅವನು ಬಿದ್ದು ಬಿದ್ದು ನಕ್ಕ. "ಅಣ್ಣಾರ, ಅಂವ ಉಳಿಯೂದಿಲ್ರಿ! ಕಥಿನ ಹಂಗದ. ನೀವು ವಿಮಾನ ತಂದ್ರೂ ಅಂವ ಸಾಯ್ತಾನ. ಆಟ ಮಾಡಿದವರು ಹಂಗ ಬರದಾರ. ಇಷ್ಟ ದಿನ ಇದನ್ನ ಮಾಡಾಕತ್ತೀರಿ?"

ನಗುವುದಕ್ಕೆ ಅವನೊಬ್ಬನೇ ಇದ್ದ. ಇವರು ರಿಮೋಟನ್ನು ಕೆಳಗಿಟ್ಟು ಕಿಟಕಿಯ ಕಡೆ ಹೋದರು. ತಾನೇನೋ ಕೆಡಿಸಿದೆ ಅಂತ ಅವನಿಗೂ ತಿಳಿಯಿತು; ಪಾಪ, ಏನು ಅಂತ ತಿಳಿಯಲಿಲ್ಲ.

ಮರುದಿನ ಆಡಲಿಲ್ಲ. ಅದರ ಮರುದಿನವೂ ಇಲ್ಲ. "ಸಾಯೋನ ಸಲುವಾಗಿ ಕೈ ಯಾಕ ನೋಯಿಸ್ಕೋಬೇಕು" ಅಂದುಬಿಟ್ಟರು. ಊಟಕ್ಕೆ ಮತ್ತೆ ಚಮಚೆ ಕೇಳಿದರು. ನಾನು ಚೆಂಡು ತೆಗೆದು ಹತ್ತಿರ ಇಟ್ಟೆ, ಅದನ್ನು ಮುಟ್ಟಲಿಲ್ಲ. ಬೆರಳು ಮತ್ತೆ ಸೆಟೆದರೆ ಏನು ಗತಿ ಅಂತ ನನಗೆ ಒಲೆಯ ಮುಂದೆ ಕೈ ಓಡುತ್ತಿರಲಿಲ್ಲ. ಕೆಳಗೆ ಗಂಟುಗಳು ಇನ್ನೂ ಹಾಗೇ ಇದ್ದವು.

ಅತ್ತೆಯೇ ದಾರಿ ತೆಗೆದರು. ಮಗಳನ್ನು ಕರೆದು ಕೇಳಿದರು: "ಗ್ವಾಡಿ ಬಿದ್ದ ಮ್ಯಾಲ ಅಂವ ಬಾಯಿ ತೆರಿತಾನಲ್ಲ, ಏನಂತಾನ?"

ಮಗಳು ತಡವರಿಸಿದಳು. "ಗೊತ್ತಿಲ್ಲ ಅಜ್ಜಿ. ಅಷ್ಟ್ರಾಗ ನಾ ಗುಂಡಿ ಒತ್ತತೀನಿ."

ಹೌದಲ್ಲ! ಅವನನ್ನು ಉಳಿಸುವ ಅವಸರದಲ್ಲಿ ನಾವು ಒಂದು ದಿನವೂ ಅವನ ಮಾತು ಮುಗಿಯಗೊಟ್ಟಿರಲಿಲ್ಲ.

"ಸಾಯೋನ ಮಾತು ಕೇಳಬೇಕಪಾ" ಅಂದರು ಅತ್ತೆ, ಕಿಟಕಿಯ ಕಡೆಗೆ. "ಉಳಿಸಾಕ ಆಗಲಿಲ್ಲ ಅಂದ್ರ ಅಷ್ಟರ ಮಾಡಬೇಕು."

ಇವರು ಎದ್ದು ಬಂದರು. ಗಿರಣಿ, ಬಾಗಿಲು, ಓಟ, ಗೋಡೆ. ಈ ಸಲ ಯಾರೂ ಏನೂ ಒತ್ತಲಿಲ್ಲ. ಧೂಳು ಇಳಿದ ಮೇಲೆ ಕುಂಟ ಕಾಕಾ ಉಸಿರು ಹಿಡಿದು ಮಾತಾಡಿದ. ಮಗಳು ಮೆಲ್ಲಗೆ ಹೇಳಿದಳು: "ದೀಪದ ಕಂಬದ ಹತ್ತರ ನಮ್ಮ ಮನಿ ಅದ. ಈ ರೇಡಿಯೋ ನಮ್ಮ ಅಕ್ಕಗ ಮುಟ್ಟಿಸು. ದಾರಿ ನೋಡ್ತಿರ್ತಾಳ, ನೋಡಬ್ಯಾಡ ಅಂತ ಹೇಳು."

ಅತ್ತೆ ಕಣ್ಣೊರೆಸಿಕೊಂಡರು. "ದಿಂಡಿಯೊಳಗ ಯಾರರ ಹೋದ್ರ, ಅವರ ಗಂಟು ಮನೀಗೆ ಮುಟ್ಟಿಸೂತನ ನಾವು ಕೂಡತಿದ್ದಿಲ್ಲ. ನಡಿ ಇನ್ನ. ಯಾಕ ನಿಂತೀ?"

ಇವರು ನಡೆದರು. ಎದುರಿಗೆ ವೈರಿ ಬಂದಾಗ ನಾನು ಅಭ್ಯಾಸದಂತೆ ಕೈ ಚಾಚಿದೆ. ಅಷ್ಟರಲ್ಲಿ ಗುಂಡು ಹಾರಿತ್ತು. ಅವರ ತೋರುಬೆರಳು ಬಾಗಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಮನೆ ಮುಟ್ಟಿಸಬೇಕು, ಅಷ್ಟೇ ತಲೆಯಲ್ಲಿ. ನಾನು ಎದ್ದು ಅಡಿಗೆಮನೆಗೆ ಹೋದೆ. ಇನ್ನು ಅಲ್ಲಿ ನನ್ನ ಬಲಗೈಗೆ ಕೆಲಸ ಇರಲಿಲ್ಲ, ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಕಳೆದುಕೊಂಡಿಲ್ಲ.

ದೀಪದ ಕಂಬದ ಮನೆ ಸಿಗಲು ಭಾಳ ದಿನ ಹಿಡಿಯಿತು. ಬಾಗಿಲು ತೆರೆದ ಮುದುಕಿ ರೇಡಿಯೋ ನೋಡಿ ಸಿಪಾಯಿಯನ್ನು ಒಳಗೆ ಕರೆದಳು. ಅಲ್ಲಿಂದ ಮುಂದೆ ಸಿಪಾಯಿಗೆ ಅವನ ತಂಗಿಯೂ ಸಿಕ್ಕಳು ಅಂತ ಮಗಳು ಹೇಳುತ್ತಾಳೆ. ನನಗೂ ಅತ್ತೆಗೂ ಅದು ನೆನಪಿಲ್ಲ. ನಮ್ಮ ಕಥೆ ಆ ಬಾಗಿಲಲ್ಲೇ ಮುಗಿದಿತ್ತು.

ದವಾಖಾನೆಯ ಹುಡುಗಿ ಬೆರಳು ಮಡಚಿ ಬಿಡಿಸಿ ನೋಡಿ ಖುಷಿಪಟ್ಟಳು. "ಚೆಂಡು ಚೆನ್ನಾಗಿ ಹಿಚುಕಿದ್ದೀರಿ ಕಾಕಾ!" ಇವರು ಗಂಭೀರವಾಗಿ ತಲೆಯಾಡಿಸಿದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ.

ದೀಪಾವಳಿಯ ಗಿರಾಕಿ ಬಹಳಷ್ಟು ಕೈತಪ್ಪಿ ಹೋಗಿತ್ತು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಇವರು ಕೆಳಗೆ ಇಳಿದರು. ಮೊದಲು ವೃತ್ತಪತ್ರಿಕೆ ಕತ್ತರಿಸಿದರು, ಆಮೇಲೆ ಹಳೇ ಚಾದರ. ಹೊಲಿಯಲು ಬಂದ ಹೊಸ ಬಟ್ಟೆಗೆ ಕೈ ಹಾಕಲು ಧೈರ್ಯ ಬೇಕಿತ್ತು. ಅದಕ್ಕೆ ತಂಗಿಯ ಗಂಡನನ್ನೇ ಕರೆಸಿ, ಅವನ ಪ್ಯಾಂಟಿನ ಬಟ್ಟೆಗೆ ಮೊದಲ ಕತ್ತರಿ ಹಾಕಿದರು. ತಪ್ಪಿದರೂ ಅವನು ಮನೆಯವನು.

ಆ ಆಟ ಮಾಡಿದವರು ಯಾವ ದೇಶದವರೋ ನನಗೆ ಗೊತ್ತಿಲ್ಲ. ಪುಣೆಯ ಪೇಟೆಯಲ್ಲಿ ಒಬ್ಬ ಮಾಸ್ಟರ್ ಮುರಿದ ಕೈಯಲ್ಲಿ ತಮ್ಮ ಮುದುಕನನ್ನು ಉಳಿಸಲು ಹೆಣಗುತ್ತಾನೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಅವರ ಮಕ್ಕಳು ಮರಿ ತಣ್ಣಗಿರಲಿ. ಅವನು ಸಾಯುವವನೆಂದು ಮೊದಲೇ ತಿಳಿದಿದ್ದರೆ ನಾವು ಒಂದೇ ದಿನದಲ್ಲಿ ಗಿರಣಿ ದಾಟಿ ಹೋಗುತ್ತಿದ್ದೆವು.

ಪ್ಯಾಂಟು ಹೊಲಿದು ಬಂತು. ತಂಗಿಯ ಗಂಡ ತೊಟ್ಟುಕೊಂಡು, ಅಂಗಡಿಯ ಕನ್ನಡಿಯ ಮುಂದೆ ಹಿಂದೆ ಮುಂದೆ ತಿರುಗಿ ನೋಡಿಕೊಂಡ.

"ಅಣ್ಣಾರ, ತೊಡೀ ಹತ್ತರ ಸ್ವಲ್ಪ ಬಿಗಿ ಆಗೇದಲ್ರಿ?"

ಇವರು ಟೇಪು ಹಿಡಿದು ಅಳೆದು ನೋಡಿದರು. ಅವರ ಮುಖದಲ್ಲಿ ಹಳೇ ಮಾಸ್ಟರಿಕೆ ಬಂದಿತ್ತು.

"ಕಟಿಂಗ್ ಬರೋಬ್ಬರಿ ಅದ. ನಿನ್ನ ತೊಡಿ ತಪ್ಪು ಅದ" ಅಂದವರೇ ಕತ್ತರಿ ಎತ್ತಿಕೊಂಡು, ಮುಂದಿನ ಗಂಟು ಬಿಚ್ಚಿದರು.