ಸುಮ್ಮನಾದ ಎದೆ

ಹೋದ ತಿಂಗಳೆಲ್ಲ ನಾನು ಎದ್ದಿದ್ದೆನೋ ಮಲಗಿದ್ದೆನೋ, ಈಗಲೂ ಸರಿಯಾಗಿ ಹೇಳಲಾರೆ.

ಕಂಪ್ಲಿಯ ನಮ್ಮ ಪಡಸಾಲೆಯಲ್ಲಿ ಕೂತಿದ್ದೇನೆ ಅಂದುಕೊಂಡರೆ, ಹಂಪಿಯ ಹೊಳೆಯಲ್ಲಿ ಹರಿಗೋಲಿನೊಳಗೆ ಇರುತ್ತಿದ್ದೆ. ಹರಿಗೋಲು ಮೆಲ್ಲಗೆ ತಿರುಗುತ್ತಿತ್ತು. ಹುಟ್ಟು ಹಾಕುವವರು ಯಾರೂ ಇರಲಿಲ್ಲ. ಹೆದರಿಕೆಯೂ ಆಗಲಿಲ್ಲ. (ಸಾಯುವುದು ಹೀಗೇ ಇದ್ದರೆ ಅಂಥ ಕಷ್ಟವೇನಲ್ಲ ಅನ್ನಿಸಿತು.)

ಮೊದಲಿನಿಂದ ಹೇಳುತ್ತೇನೆ. ನನ್ನ ಎದೆ ಬಡಿತ ತಾಳ ತಪ್ಪಿತ್ತು. ಅನ್ನ ಬಸಿಯುವಾಗಲೂ ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡುತ್ತಿತ್ತು. ಹೊಸಪೇಟೆಯ ಡಾಕ್ಟರಮ್ಮ ಒಂದು ಗುಳಿಗೆ ಕೊಟ್ಟರು. ಒಂದು ದಿನವೂ ತಪ್ಪಿಸಬೇಡಿ, ನಡುನಡುವೆ ಬಂದು ರಕ್ತ ಪರೀಕ್ಷೆ ಮಾಡಿಸಿ ಅಂದರು. ಎದೆ ಸುಮ್ಮನಾಯಿತು. ಸುಮ್ಮನಾದ ಮೇಲೆ ಬಸ್ಸು ಹತ್ತಿ ಹೋಗಿ ರಕ್ತ ಕೊಡುವುದು ಯಾಕೆ? ಗುಳಿಗೆ ನುಂಗಿದೆ, ಹೊಸಪೇಟೆ ಮರೆತೆ.

ಆಮೇಲೆ ಅನ್ನ ಕಂಡರೆ ವಾಕರಿಕೆ. ನಿದ್ದೆ, ಬರೀ ನಿದ್ದೆ. ಸಂಡೂರಿನಿಂದ ಬಂದ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಗಂಗಮ್ಮ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು. "ಕಾಮಣಿ ಆಗೇತಿ ನಿನಗ."

ಮುಗಿಯಿತು. ಕಾಮಾಲೆ ಅಂದಮೇಲೆ ಪಥ್ಯ. ಅಡುಗೆಗೆ ಅರಿಶಿನ ಇಲ್ಲ, ಎಣ್ಣೆ ಇಲ್ಲ. ನನ್ನ ಹಳದಿ ಸೀರೆಯೂ ಟ್ರಂಕಿಗೆ ಹೋಯಿತು. ಬೆಳಗ್ಗೆ ಖಾಲಿ ಹೊಟ್ಟೆಗೆ ಮಜ್ಜಿಗೆಯಲ್ಲಿ ಸೊಪ್ಪಿನ ರಸ. ಅದೇ ಮಜ್ಜಿಗೆಯಲ್ಲಿ ಎದೆಯ ಗುಳಿಗೆಯನ್ನೂ ನುಂಗುತ್ತಿದ್ದೆ. ಎಲ್ಲ ಬಿಟ್ಟೆ. ಅದೊಂದನ್ನು ಬಿಡಲಿಲ್ಲ.

ಒಂದು ದಿನ ಗಂಗಮ್ಮನನ್ನು ಅವ್ವಾ ಎಂದು ಕರೆದೆನಂತೆ. ಹೆದರಿದ ಗಂಗಮ್ಮ ನನ್ನನ್ನು ಬಸ್ಸಿಗೆ ಹತ್ತಿಸಿದಳು. ಕಮಲಾಪುರದ ಬಾಳೆತೋಟಗಳು ಕಿಟಕಿಯಾಚೆ ನೀರಿನಲ್ಲಿ ತೇಲಿಹೋದ ಹಾಗಿತ್ತು.

ಡಾಕ್ಟರಮ್ಮ ಕಣ್ಣು ನೋಡಿದರು, ಗುಳಿಗೆ ತೋರಿಸಿ ಅಂದರು. ತಾಳ ಸರಿಮಾಡುವ ಈ ಗುಳಿಗೆ ಕೆಲವರ ಲಿವರ್ ಕೆಡಿಸುತ್ತದೆ, ಲಿವರ್ ಕೆಟ್ಟರೆ ತಲೆಯೂ ಮಂಕಾಗುತ್ತದೆ, ರಕ್ತ ಪರೀಕ್ಷೆ ಅದಕ್ಕೇ ಹೇಳಿದ್ದು ಅಂದರು.

"ಎದಿ ಸುಮ್ನಿತ್ತರಿ. ಯಾಕ ಬರ್ಲಿ?"

"ಲಿವರ್ ಕೂಗಂಗಿಲ್ರಿ ಅವ್ವಾ. ನಾವಾ ಹೋಗಿ ಕೇಳಬೇಕು."

ಬದುಕುತ್ತೇನೋ ಇಲ್ಲವೋ ಎಂದು ಕೇಳಿದೆ. ಈಗಲೇ ಹೇಳಲಾಗದು ಅಂದರು. ಸುಳ್ಳು ಹೇಳಲಿಲ್ಲ, ಅದು ನನಗೆ ಹಿಡಿಸಿತು. ಅಡ್ಮಿಟ್ ಮಾಡಿಕೊಂಡು ಆ ಗುಳಿಗೆ ನಿಲ್ಲಿಸಿ ಬೇರೆ ಕೊಟ್ಟರು. (ಇದನ್ನೋದಿ ನಿಮ್ಮ ಗುಳಿಗೆಯನ್ನು ಕಾಲುವೆಗೆ ಎಸೆಯಬೇಡಿ. ನಿಲ್ಲಿಸಿದ್ದು ಡಾಕ್ಟರು, ನಾನಲ್ಲ.) ಬಿಟ್ಟರೂ ಅದು ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತದಂತೆ. ಎಂಥ ನೆಂಟ!

ಈಗ ಕಣ್ಣು ಬೆಳ್ಳಗಾಗುತ್ತಿದೆ. ಹರಿಗೋಲು ಕನಸಿಗೂ ಬರುತ್ತಿಲ್ಲ. ನಿಜ ಹೇಳಲೇ? ಒಮ್ಮೊಮ್ಮೆ ಅದು ನೆನಪಾಗುತ್ತದೆ.

ಇವತ್ತು ಮತ್ತೆ ರಕ್ತ ಕೊಡಲು ಹೊಸಪೇಟೆಗೆ ಹೊರಟೆ. ಬಾಗಿಲಲ್ಲಿ ಗಂಗಮ್ಮ ತಡೆದಳು. "ಎಲ್ಲಾ ಸುಮ್ನೈತಲ್ಲಕ್ಕಾ, ಮತ್ಯಾಕ ಹೊಂಟಿ?"

"ಸುಮ್ನೈತಲ್ಲ, ಅದಕ್ಕ ಹೊಂಟೀನಿ."